ಮಡಿಕೇರಿ ಕಾಯುವ ಮಳೆ

ಮಡಿಕೇರಿಯ ಮಳೆ ಎಂದರೆ ಹೊರಗಿನವರಿಗೆ ನೆನಪಾಗುವುದು ಆಷಾಢ. ವಾರಗಟ್ಟಲೆ ಬಿಡದ ಜಡಿಮಳೆ, ಒಣಗದ ಬಟ್ಟೆ, ಹಗಲಲ್ಲೂ ಉರಿಯುವ ದೀಪ. ಊರಿನವರಿಗೆ ಆ ಮಳೆ ಬಂದೇ ಬರುತ್ತದೆಂಬ ನಂಬಿಕೆ ಇದೆ. ಅದಕ್ಕಾಗಿ ಯಾರೂ ಆಕಾಶ ನೋಡುತ್ತ ಕೂರುವುದಿಲ್ಲ. ನೋಡುವುದು ಫೆಬ್ರವರಿಯ ಕೊನೆಯಿಂದ ಏಪ್ರಿಲ್ ನಡುವಿನವರೆಗೆ. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಊರಿನಲ್ಲಿ ಆಗ ಬೀಳುವ ಒಂದೆರಡು ಇಂಚು ಲೆಕ್ಕಕ್ಕೇ ಬರಬಾರದು. ಆದರೆ ಮನೆಮನೆಯ ಮುಂದಿನ ವರ್ಷದ ಲೆಕ್ಕ ಶುರುವಾಗುವುದೇ ಆ ಒಂದೆರಡು ಇಂಚಿನಿಂದ.

ಈ ವಾರಗಳಲ್ಲಿ ಇಲ್ಲಿ ಒಂದೇ ದಿನದೊಳಗೆ ಮೂರು ಕಾಲ ಬಂದು ಹೋಗುತ್ತವೆ. ಬೆಳಿಗ್ಗೆ ರಾಜಾಸೀಟಿನ ಕೆಳಗಿನ ಕಣಿವೆಯಲ್ಲಿ ಮಂಜು ತುಂಬಿರುತ್ತದೆ, ಸ್ವೆಟರ್ ಇಲ್ಲದೆ ಹೊರಗೆ ಬರಲಾಗದು. ಹನ್ನೊಂದರ ಹೊತ್ತಿಗೆ ಬಿಸಿಲು ಬೆನ್ನು ಸುಡುತ್ತದೆ. ಮೂರು ಗಂಟೆ ದಾಟಿದ ಮೇಲೆ ಪೂರ್ವದ ಕಡೆ ಆಕಾಶ ಕಪ್ಪಾಗಿ, ಒಮ್ಮೆಲೇ ಗಾಳಿ ತಿರುಗಿ, ಒಣ ಎಲೆಗಳೆಲ್ಲ ರಸ್ತೆಗೆ ಬರುತ್ತವೆ. ಅಲ್ಲಿಂದ ಮುಂದೆ ಏನಾಗುತ್ತದೆಂದು ಯಾರೂ ಹೇಳಲಾರರು. ಆಲಿಕಲ್ಲು ಬೀಳಬಹುದು. ಅರ್ಧ ಗಂಟೆ ಸುರಿದು ನಿಲ್ಲಬಹುದು. ಗುಡುಗಿ ಗುಡುಗಿ, ನಾಲ್ಕು ಹನಿ ಉದುರಿಸಿ, ಮುಂದಿನ ಬೆಟ್ಟಕ್ಕೆ ಹೋಗಿಬಿಡಬಹುದು.

ಇದಕ್ಕೆ ಕಾರಣ ಊರು ಕೂತಿರುವ ಜಾಗ. 1,100 ಮೀಟರಿಗೂ ಎತ್ತರದ ಈ ದಿಣ್ಣೆಗಳ ಪಶ್ಚಿಮಕ್ಕೆ ಘಟ್ಟ ಇಳಿದರೆ ಕರಾವಳಿ, ಪೂರ್ವಕ್ಕೆ ಇಳಿದರೆ ಕುಶಾಲನಗರ ದಾಟಿ ಮೈಸೂರಿನ ಬಯಲು. ಬೇಸಿಗೆ ಏರುತ್ತಿದ್ದಂತೆ ಬಯಲಿನ ನೆಲ ಕಾದು ಒಣಗಾಳಿ ಮೇಲೇಳುತ್ತದೆ. ಅರಬ್ಬೀ ಸಮುದ್ರದ ತೇವದ ಗಾಳಿ ಘಟ್ಟ ಹತ್ತಿ ಬರುತ್ತದೆ. ಎರಡೂ ಸೇರುವ ಕಡೆ ಮಧ್ಯಾಹ್ನದ ಮೋಡ ಗೋಪುರದಂತೆ ಬೆಳೆಯುತ್ತದೆ. ಮುಂಗಾರಿನ ಹಾಗೆ ಇಡೀ ನಾಡನ್ನು ಮುಚ್ಚುವ ಮೋಡ ಇದಲ್ಲ, ಒಂದೊಂದು ಗುಡ್ಡದ ಮೇಲೆ ಬಿಡಿಬಿಡಿಯಾಗಿ ಕಟ್ಟುವ ಮೋಡ. ಹಾಗಾಗಿಯೇ ಒಂದು ತೋಟ ತೊಯ್ದಿದ್ದರೆ ಬೇಲಿಯಾಚೆಯ ತೋಟದಲ್ಲಿ ಧೂಳೆದ್ದಿರುತ್ತದೆ.

ಈ ಮಳೆಗೆ ಊರು ಯಾವಾಗಿನಿಂದ ಕಾಯತೊಡಗಿತು? ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಇಲ್ಲಿ ರಾಜಧಾನಿ ಕಟ್ಟಿದಾಗ ಖಂಡಿತ ಕಾಯುತ್ತಿರಲಿಲ್ಲ. ಆಗಿನದು ಭತ್ತದ ನಾಡು, ಗದ್ದೆಗೆ ಬೇಕಾದದ್ದು ಜೂನ್ ತಿಂಗಳ ನೀರು. ಮಾರ್ಚ್, ಏಪ್ರಿಲ್ ಎಂದರೆ ದಾರಿಗಳು ಒಣಗಿ ಓಡಾಟಕ್ಕೆ ಅನುಕೂಲವಾಗುವ ತಿಂಗಳು. ಮುದ್ದುರಾಜನ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದ. 1790ರಲ್ಲಿ ದೊಡ್ಡ ವೀರರಾಜೇಂದ್ರ ಅದನ್ನು ಮರಳಿ ಪಡೆದ. ಒಳಗಿನ ಅರಮನೆ ಈಗಿನ ರೂಪಕ್ಕೆ ಬಂದದ್ದು ಲಿಂಗರಾಜೇಂದ್ರನ ಕಾಲದಲ್ಲಿ, 1812ರಿಂದ 1814ರ ನಡುವೆ. ಓಂಕಾರೇಶ್ವರ ದೇವಸ್ಥಾನವೂ ಅವನದೇ, 1820ರದು. ಕಂಪನಿಯ ಸೈನ್ಯ ನಾಲ್ಕು ದಿಕ್ಕಿನಿಂದ ಕೊಡಗಿಗೆ ನುಗ್ಗಿದ್ದು 1834ರ ಏಪ್ರಿಲಿನಲ್ಲಿ. ಚಿಕ್ಕ ವೀರರಾಜೇಂದ್ರನ ರಾಜ್ಯ ಇನ್ನು ಕಂಪನಿಯದು ಎಂಬ ಘೋಷಣೆ ಮೇ 7ಕ್ಕೆ ಹೊರಬಿತ್ತು. ಇನ್ನೊಂದು ತಿಂಗಳು ತಡವಾಗಿದ್ದರೆ ಆ ಫಿರಂಗಿಗಳು ಯಾವ ಕೆಸರಿನಲ್ಲಿ ಹೂತಿರುತ್ತಿದ್ದವೋ ಎಂದು ಕೋಟೆಯ ಕಲ್ಲಾನೆಗಳ ಮುಂದೆ ನಿಂತಾಗಲೆಲ್ಲ ನನಗೆ ಅನಿಸುತ್ತದೆ.

ಊರಿನ ಕಣ್ಣನ್ನು ಆಷಾಢದಿಂದ ಫಾಲ್ಗುಣಕ್ಕೆ ತಿರುಗಿಸಿದ್ದು ಕಾಫಿ. ಅರಸರ ಕಾಲದಲ್ಲೇ ನಾಲ್ಕುನಾಡಿನ ಕಡೆ ಅಲ್ಪಸ್ವಲ್ಪ ಗಿಡಗಳಿದ್ದವು. 1854ರಲ್ಲಿ ಫೌಲರ್ ಎಂಬ ಆಂಗ್ಲರು ಮಡಿಕೇರಿಯಲ್ಲಿ ದೊಡ್ಡ ತೋಟ ತೆರೆದ ಮೇಲೆ ಬೆಟ್ಟದ ಬೆಟ್ಟವೇ ತೋಟವಾಗುತ್ತ ಹೋಯಿತು. ಕಾಡನ್ನು ಬೋಳು ಮಾಡಿ, ಬಿಸಿಲಿಗೆ ಒಡ್ಡಿ ಗಿಡ ನೆಟ್ಟರು. 1860ರ ದಶಕದ ನಡುವೆ ಮಳೆ ಕೈಕೊಟ್ಟಾಗ ಕಾಂಡಕೊರಕ ಹುಳು ಬಂದು ತೋಟಗಳನ್ನೇ ಮುಗಿಸಿತು. ತನಿಖೆಗೆಂದು ಮದರಾಸು ಸರ್ಕಾರ ಕಳಿಸಿದ ವೈದ್ಯ ಜಾರ್ಜ್ ಬಿಡಿ ನೆರಳಿನ ಮಹತ್ವವನ್ನು ಒತ್ತಿ ಹೇಳಿದರು. ಇಂದು ಕೊಡಗಿನ ತೋಟಗಳು ಕಾಡಿನಂತೆ ಕಾಣುವುದರ ಹಿಂದೆ ಆ ಪೆಟ್ಟಿನ ಪಾಠವೂ ಇದೆ. ಅತ್ತಿ, ಹಲಸು, ಬೀಟೆ, ಹಾಲವಾಣದ ನೆರಳಲ್ಲೇ ಇಲ್ಲಿ ಕಾಫಿ ಬದುಕುತ್ತದೆ.

ಗಿಡ ಹೂಬಿಡುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಗೆಣ್ಣುಗೆಣ್ಣಿಗೂ ಗುಂಪಾಗಿ ಕೂತ ಹಸಿರು ಮೊಗ್ಗುಗಳು ಬೇಸಿಗೆಯ ಒಣಹವೆಗೆ ಬೆಳವಣಿಗೆ ನಿಲ್ಲಿಸಿ ಮಲಗಿರುತ್ತವೆ. ಒಂದು ಇಂಚು ಮಳೆ ಬಿದ್ದು ಬೇರಿಗೆ ನೀರು ಸಿಕ್ಕಿ, ಹವೆ ಥಟ್ಟನೆ ತಣ್ಣಗಾದರೆ ಎದ್ದುಬಿಡುತ್ತವೆ. ದಿನದಿನಕ್ಕೂ ಉದ್ದವಾಗಿ, ಬೆಳ್ಳಗಾಗಿ, ಎಂಟು ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೆ ಅರಳುತ್ತದೆ. ಈ ಮಳೆಗೆ ಇಲ್ಲಿನವರು ಹೂಮಳೆ ಎನ್ನುತ್ತಾರೆ. ಹೂವಿನ ಆಯುಸ್ಸು ಮೂರು ನಾಲ್ಕು ದಿನ. ರೊಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟದು. ಗಾಳಿಯೂ ಹೆಜ್ಜೇನು, ತುಡುವೆಗಳೂ ಬೇರೆ ಗಿಡದ ಪರಾಗ ತಂದುಕೊಡಬೇಕು. ಅರಳಿದ ದಿನವೇ ಮತ್ತೆ ಜೋರು ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ. ಅರ್ಧ ಇಂಚಿಗೇ ಮಳೆ ನಿಂತರೆ ಇನ್ನೂ ಕಷ್ಟ: ಮೊಗ್ಗು ಎದ್ದದ್ದೂ ಹೌದು, ಪೂರ್ತಿ ಬಿಡಿಸಿಕೊಳ್ಳಲು ನೀರಿಲ್ಲ, ಅಲ್ಲಲ್ಲೇ ಕರಟುತ್ತದೆ.

ಇಷ್ಟೇ ಆಗಿದ್ದರೆ ಬೆಳೆಗಾರ ಮಳೆ ಬರಲಿ ಎಂದು ಕೈಮುಗಿದು ಸುಮ್ಮನಿರಬಹುದಿತ್ತು. ಆದರೆ ರೊಬಸ್ಟಾ ಕೊಯ್ಲು ಮುಗಿಯುವುದೇ ಫೆಬ್ರವರಿಗೆ. ಗಿಡಕ್ಕೆ ಹೂಮಳೆ ಬೇಕಾದ ಹೊತ್ತಿನಲ್ಲೇ ಕಣದ ತುಂಬ ಕೊಯ್ದ ಹಣ್ಣು ಒಣಗುತ್ತಿರುತ್ತದೆ. ಒಮ್ಮೆ ನೆನೆದರೆ ಬೂಸ್ಟು ಹಿಡಿದು ಬೀಜದ ಬಣ್ಣ ಕೆಡುತ್ತದೆ, ದರ ಬೀಳುತ್ತದೆ. ಮೋಡ ಕಂಡ ಕೂಡಲೇ ಮನೆಯವರು, ಕೆಲಸದವರು ಎಲ್ಲ ಸೇರಿ ರಾಶಿ ಎಳೆದು ಟಾರ್ಪಾಲು ಮುಚ್ಚುತ್ತಾರೆ. ಮುಚ್ಚಿದ ಮೇಲೆ ಅದೇ ಜನ ಅದೇ ಜಗಲಿಯಲ್ಲಿ ನಿಂತು ಮಳೆ ಜೋರಾಗಲಿ ಎನ್ನುತ್ತಾರೆ. ಹಳೆಯ ಬೆಳೆಗೆ ಬಿಸಿಲು, ಹೊಸ ಬೆಳೆಗೆ ನೀರು, ಎರಡೂ ಒಂದೇ ವಾರದಲ್ಲಿ ಬೇಕು. ಈ ಕಷ್ಟವನ್ನು ಊಟಿಗೆ ಹೋಗುವಂತೆ ಇಲ್ಲಿಗೂ ಬಂದು ಹೋಗುವ ಪ್ರವಾಸಿಗರಿಗೆ ವಿವರಿಸುವುದು ಸುಲಭವಲ್ಲ.

ಅಳತೆಯ ಮಾತು ಹೇಳಲೇಬೇಕು. ಸರ್ಕಾರದ ಲೆಕ್ಕ ಮಿಲಿಮೀಟರಿಗೆ ಬಂದು ಎಷ್ಟೋ ಕಾಲವಾಯಿತು, ತೋಟದ ಲೆಕ್ಕ ಇಂದಿಗೂ ಇಂಚು, ಸೆಂಟ್. ನೂರು ಸೆಂಟಿಗೆ ಒಂದು ಇಂಚು. ಮಳೆ ನಿಂತ ಮರುಕ್ಷಣ ಮಾಪಕದ ನೀರು ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ತಾತನ ಕಾಲದ ಮಳೆ ಪುಸ್ತಕ ಇಟ್ಟುಕೊಂಡ ಮನೆಗಳಿವೆ. ಆಮೇಲೆ ಫೋನು. "ನಿಮ್ಮಲ್ಲಿ ಎಷ್ಟು ಬಂತು?" "ಎಂಬತ್ತು ಸೆಂಟ್." "ನಮ್ಮಲ್ಲಿ ಹತ್ತೂ ಇಲ್ಲ ಮಾರಾಯ್ರೆ." ಸುಂಟಿಕೊಪ್ಪ, ಸಿದ್ದಾಪುರ, ಪೊನ್ನಂಪೇಟೆ ಎಲ್ಲ ಕಡೆಯ ಸುದ್ದಿ ರಾತ್ರಿ ಊಟದ ಹೊತ್ತಿಗೆ ಎಲ್ಲ ಮನೆಗೂ ಮುಟ್ಟಿರುತ್ತದೆ. ಈ ಪುಸ್ತಕಗಳನ್ನು ಯಾರಾದರೂ ಒಟ್ಟುಗೂಡಿಸಿ ಕಾಪಾಡಬೇಕು. ನನ್ನ ಮಟ್ಟಿಗೆ ಕೋಟೆಯ ಶಾಸನಗಳಷ್ಟೇ ಬೆಲೆ ಅವಕ್ಕೂ ಇದೆ.

ಈಗ ಅನೇಕರು ಹೂಮಳೆಯ ದಾರಿ ಕಾಯುವುದಿಲ್ಲ. ಕೆರೆ, ತೋಡಿಗೆ ಪಂಪು ಇಟ್ಟು, ಸ್ಪ್ರಿಂಕ್ಲರಿನಲ್ಲಿ ರೊಬಸ್ಟಾಗೆ ನೀರು ಹಾಯಿಸಿ ತಾವೇ ಹೂ ಬರಿಸುತ್ತಾರೆ. ಕೆರೆ ಇದ್ದವರ ಮಾತಾಯಿತು ಇದು. ಸಣ್ಣ ಹಿಡುವಳಿಯವರೂ ಮಡಿಕೇರಿ ಸುತ್ತಿನ ಇಳಿಜಾರಿನ ಅರೇಬಿಕಾ ತೋಟದವರೂ ಇಂದಿಗೂ ಆಕಾಶವನ್ನೇ ನಂಬಿದ್ದಾರೆ. ಎಲ್ಲರೂ ಒಟ್ಟಿಗೆ ಪಂಪು ಹಾಕಿದಾಗ ತೋಡುಗಳು ಮಾರ್ಚಿನಲ್ಲೇ ಸೊರಗುತ್ತವೆ ಎಂಬುದನ್ನು ನಾವು ಇನ್ನಾದರೂ ಬಾಯಿಬಿಟ್ಟು ಚರ್ಚಿಸಬೇಕು. ಜನವರಿಯಲ್ಲೇ ಅಕಾಲ ಮಳೆ ಬಂದರಂತೂ ಯಾವ ಪಂಪೂ ನೆರವಾಗದು. ಕೊಯ್ಯದ ಹಣ್ಣಿನ ಪಕ್ಕದಲ್ಲೇ ಹೂ ಅರಳಿ, ಕೊಯ್ಯುವ ಕೈ ತಾಗಿ ಮುಂದಿನ ವರ್ಷದ ಬೆಳೆ ಉದುರುತ್ತದೆ.

ಹೂ ಬಾಡಿ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಆಗಬೇಕು. ತೋಟದ ಮಾತಿನಲ್ಲಿ ಅದು ಬ್ಯಾಕಿಂಗ್ ಮಳೆ. ಅದು ಬಂದರೆ ಈಚು ನಿಲ್ಲುತ್ತದೆ. ಏಪ್ರಿಲ್ ನಡುವೆ, ಕೊಡವರ ವರ್ಷ ಶುರುವಾಗುವ ಎಡಮ್ಯಾರ್ ಒಂದರ ಬೆಳಿಗ್ಗೆ, ಅವರ ಮನೆಗಳಲ್ಲಿ ಗದ್ದೆಗೆ ವರ್ಷದ ಮೊದಲ ನೇಗಿಲು ಇಳಿಸುತ್ತಾರೆ. ಅಷ್ಟರೊಳಗೆ ಆ ಎರಡನೆಯ ಮಳೆಯೂ ಆಗಿದ್ದರೆ ನೇಗಿಲಿಗೂ ನೆಲ ಮೆತ್ತಗೆ ಸಿಗುತ್ತದೆ, ತೋಟದಲ್ಲಿ ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಸವರಲು, ಬರುವ ಆಳುಗಳಿಗೆ ಕೂಲಿ ಗೊತ್ತು ಮಾಡುವ ಧೈರ್ಯವೂ ಬರುತ್ತದೆ.