ಕುಂತ್ರ ಸಾಲೂದಿಲ್ಲ, ಚಾಲೂ ಆಗಬೇಕು

ಬೀಸುಕಲ್ಲಿನ ಮ್ಯಾಲಿನ ಕಲ್ಲು ಒಂದು ಜೋಡಿದು, ಕೆಳಗಿಂದು ಇನ್ನೊಂದು ಜೋಡಿದು ಆದ್ರ ಜ್ವಾಳ ಹಿಟ್ಟಾಗ್ತಾವೇನ್ರಿ ಅಕ್ಕಾರ? ಕಂಪ್ಯೂಟರ್‌ದಾಗ ಪ್ರೊಸೆಸರ್, ಅದನ್ನ ಕುಂದ್ರಸೂ ಮದರ್‌ಬೋರ್ಡ್ ಹಂಗ.

1995ರ ಸುಮಾರಿಗೆ ಇಷ್ಟು ಫಜೀತಿ ಇರಲಿಲ್ಲ. ‘ಸಾಕೆಟ್ 7’ ಅನ್ನೂ ಒಂದ ಜಾಗಾದಾಗ ಇಂಟೆಲ್, ಎಎಂಡಿ ಎರಡೂ ಕಂಪನಿ ಪ್ರೊಸೆಸರ್ ಕೂಡತಿದ್ವು. 1997ರಾಗ ಇಂಟೆಲ್ ಪೆಂಟಿಯಂ 2ಕ್ಕ ‘ಸ್ಲಾಟ್ 1’ ಮಾಡ್ತು, 1999ರಾಗ ಎಎಂಡಿ ‘ಸ್ಲಾಟ್ ಎ’ ಮಾಡ್ತು. ಅಲ್ಲಿಂದ ಇಬ್ಬರ ಒಲಿ ಬ್ಯಾರೆ ಆದ್ವು.

2017ರಾಗ ಇನ್ನೊಂದು ತೊಡಕಾತು. ಇಂಟೆಲ್‌ದ 8ನೇ ಪೀಳಿಗಿ ಪ್ರೊಸೆಸರ್ ಹಳೇ 1151 ಸಾಕೆಟ್‌ನ್ಯಾಗ ಅಳತಿಗೆ ಕೂಡ್ತದ, ಆದ್ರ ಚಾಲೂ ಆಗೂದಿಲ್ಲ; 300 ಸರಣಿ ಬೋರ್ಡೇ ಬೇಕು.

ಅದಕ್ಕ ಹುಡುಗ್ರು ರೊಕ್ಕಾ ಕೇಳಿದ್ರ, ಬೋರ್ಡ್ ಕಂಪನಿ ಪಟ್ಟ್ಯಾಗ ಆ ಪ್ರೊಸೆಸರ್ ಹೆಸರು ಐತೇನು ಮೊದ್ಲ ನೋಡಸ್ರಿ. ಸಂಶಿಯಿಂದ ಹುಬ್ಬಳ್ಳಿಗೆ ಹೋಗಿ ತಂದದ್ದು, ಡಬ್ಬಿ ಒಡದ ಮ್ಯಾಲ ಎಲ್ಲಾ ಅಂಗಡ್ಯಾಗೂ ತಿರುಗಿ ತಗೊಳ್ಳೂದಿಲ್ಲ.