ನೌರು: ನೆಲ ಕಳೆದುಕೊಂಡವರ ಹಠ

ಶಾಂತಸಾಗರದಲ್ಲಿ ಭೂಮಧ್ಯರೇಖೆಯಿಂದ ತುಸು ದಕ್ಷಿಣಕ್ಕೆ ನೌರು ಎಂಬ ದೇಶವಿದೆ. ವಿಸ್ತೀರ್ಣ 21 ಚದರ ಕಿ.ಮೀ., ಜನಸಂಖ್ಯೆ ಸುಮಾರು 12 ಸಾವಿರ. ಅಧಿಕೃತ ರಾಜಧಾನಿಯೇ ಇಲ್ಲ. ಸರಕಾರಿ ಕಚೇರಿಗಳಿರುವುದು ಯಾರೆನ್ ಜಿಲ್ಲೆಯಲ್ಲಿ. ಜನರು ಕರಾವಳಿಯ ಕಿರಿದಾದ ಪಟ್ಟಿಯಲ್ಲೂ ಬುವಾಡ ಕೊಳದ ಸುತ್ತಲೂ ನೆಲೆಸಿದ್ದಾರೆ. ನಡುವಿನ ಎತ್ತರದ ಪ್ರದೇಶದಲ್ಲಿ ಉಳಿದಿರುವುದು ಹೆಚ್ಚಾಗಿ ಚೂಪಾದ ಸುಣ್ಣಕಲ್ಲಿನ ಕಂಬಗಳು.

1798ರಲ್ಲಿ ಇದನ್ನು ಕಂಡ ಬ್ರಿಟಿಷ್ ಕಪ್ತಾನ ಜಾನ್ ಫಿಯರ್ನ್ 'ಆಹ್ಲಾದಕರ ದ್ವೀಪ' ಎಂದು ಹೆಸರಿಟ್ಟಿದ್ದ. ತಾಯಿಯ ಕಡೆಯಿಂದ ಗುರುತಿಸಲ್ಪಡುವ 12 ಕುಲಗಳ ಜನ ಇಲ್ಲಿದ್ದರು. 1888ರಲ್ಲಿ ಜರ್ಮನಿ ದ್ವೀಪವನ್ನು ವಶಪಡಿಸಿಕೊಂಡಿತು. 1900ರಲ್ಲಿ ಇಲ್ಲಿ ಫಾಸ್ಫೇಟ್ ಪತ್ತೆಯಾಯಿತು. ಗೊಬ್ಬರಕ್ಕೆ ಬೇಕಾದ ಈ ಖನಿಜವೇ ನೌರುವಿಗೆ ಮುಳುವಾಯಿತು. ಪ್ರಥಮ ಮಹಾಯುದ್ಧದ ಬಳಿಕ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಝಿಲ್ಯಾಂಡ್‌ಗಳು ದ್ವೀಪದ ಪಾಲಕರಾದವು. ಪಾಲಕರ ಹೊಲಗಳಿಗೆ ಅಗ್ಗದ ಗೊಬ್ಬರ ಸಿಕ್ಕಿತು, ನೆಲದ ಒಡೆಯರಿಗೆ ಪುಡಿಗಾಸು!

1932ರ ಅಕ್ಟೋಬರ್ 26ರಂದು ನೌರುವಾಸಿಗಳ ಸಂಖ್ಯೆ 1,500 ಮುಟ್ಟಿತು. ಒಂದು ಜನಾಂಗ ಉಳಿಯಲು ಅಷ್ಟಾದರೂ ಜನ ಬೇಕೆಂಬುದು ಅಂದಿನ ಲೆಕ್ಕಾಚಾರ. ಆ ದಿನವನ್ನು 'ಅಂಗಮ್' ಎಂದು ಅವರು ಈಗಲೂ ಆಚರಿಸುತ್ತಾರೆ. ಸಂತೋಷ ಹೆಚ್ಚು ಕಾಲ ಉಳಿಯಲಿಲ್ಲ. 1942ರಲ್ಲಿ ಬಂದ ಜಪಾನೀ ಸೇನೆ ಮರುವರ್ಷ 39 ಕುಷ್ಠರೋಗಿಗಳನ್ನು ದೋಣಿಗೆ ಹತ್ತಿಸಿ ಸಮುದ್ರದಲ್ಲಿ ಕೊಂದಿತು. ಸುಮಾರು 1,200 ಜನರನ್ನು ದೂರದ ಟ್ರುಕ್ ದ್ವೀಪಗಳಿಗೆ ಸಾಗಿಸಿತು. 1946ರ ಜನವರಿ 31ರಂದು ಮರಳಿ ಬಂದವರು 737 ಮಂದಿ.

1960ರ ದಶಕದಲ್ಲಿ, ಗಣಿ ಬರಿದಾಗುವ ಮುನ್ನ ಇಡೀ ಜನಾಂಗವನ್ನು ಕ್ವೀನ್ಸ್‌ಲ್ಯಾಂಡಿನ ಕರ್ಟಿಸ್ ದ್ವೀಪಕ್ಕೆ ಸ್ಥಳಾಂತರಿಸುವ ಪ್ರಸ್ತಾಪವನ್ನು ಆಸ್ಟ್ರೇಲಿಯಾ ಮುಂದಿಟ್ಟಿತು. ಪೌರತ್ವ ಸಿಗುತ್ತಿತ್ತು, ಸ್ವಂತ ರಾಷ್ಟ್ರ ಸಿಗುತ್ತಿರಲಿಲ್ಲ. ಹ್ಯಾಮರ್ ಡಿರೊಬರ್ಟ್ ನೇತೃತ್ವದಲ್ಲಿ ಜನ ಇದನ್ನು ತಿರಸ್ಕರಿಸಿದರು. ಅವರ ನಿರ್ಧಾರ ಸರಿಯೆಂದೇ ನಮ್ಮ ಅಭಿಪ್ರಾಯ. ಸ್ವಾತಂತ್ರ್ಯಕ್ಕೆ ಅವರು ಆರಿಸಿಕೊಂಡ ದಿನ 1968ರ ಜನವರಿ 31, ಟ್ರುಕ್‌ನಿಂದ ಮರಳಿದ ಅದೇ ದಿನ.

ಆಮೇಲೆ ಗಣಿ ಅವರದಾಯಿತು, ಹಣ ಹರಿಯಿತು. ವಿಮಾನಗಳು, ಮೆಲ್ಬರ್ನ್‌ನಲ್ಲಿ ಗಗನಚುಂಬಿ ಕಟ್ಟಡ, ಲಂಡನ್ನಿನ ಒಂದು ಸಂಗೀತ ನಾಟಕಕ್ಕೂ ಬಂಡವಾಳ! ನಾಟಕ ಸೋತಿತು, ಕಟ್ಟಡವನ್ನು 2004ರಲ್ಲಿ ಮಾರಬೇಕಾಯಿತು. ಅಗೆದ ನೆಲದ ಪರಿಹಾರಕ್ಕಾಗಿ 1989ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿದ್ದು ಮಾತ್ರ ಫಲ ಕೊಟ್ಟಿತು. 1993ರಲ್ಲಿ ಆಸ್ಟ್ರೇಲಿಯಾ 107 ಮಿಲಿಯ ಡಾಲರ್ ನೀಡಲು ಒಪ್ಪಿ ರಾಜಿಯಾಯಿತು.

2001ರಲ್ಲಿ ಟಾಂಪಾ ಎಂಬ ನಾರ್ವೆಯ ಹಡಗು ಸಮುದ್ರದಿಂದ ರಕ್ಷಿಸಿದ ನಿರಾಶ್ರಿತರಿಗೆ ಆಸ್ಟ್ರೇಲಿಯಾ ತನ್ನ ನೆಲದಲ್ಲಿ ಕಾಲಿಡಲು ಬಿಡಲಿಲ್ಲ. ಹೆಚ್ಚಿನವರು ಅಫಘಾನಿಸ್ತಾನದ ಹಝಾರಾ ಮುಸ್ಲಿಮರು. ಅವರಲ್ಲಿ ಬಹುಪಾಲು ಜನರನ್ನು ನೆರವಿನ ಹಣದ ಜೊತೆ ನೌರುವಿಗೆ ಕಳಿಸಲಾಯಿತು. ಅವರಿಗಾಗಿ ಶಿಬಿರ ಎದ್ದದ್ದು ಗಣಿ ಅಗೆದ ಆ ಎತ್ತರದ ಪ್ರದೇಶದಲ್ಲಿ.