ಜೆರಾಕ್ಸ್ ಅಂಗಡಿಯ ಮೇಲೆ ಮೊಕದ್ದಮೆ

ಓದು ಕೆಲವರ ಸೊತ್ತು ಅನ್ನೋದು ಈ ದೇಶಕ್ಕೆ ಹೊಸ ಮಾತಲ್ಲ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಸುರಿಯಿರಿ ಎಂದು ಬರೆದಿಟ್ಟವರ ನಾಡು ಇದು. ಆದ್ದರಿಂದ 2012ರ ಆಗಸ್ಟ್‌ನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಎಂಬ ಪ್ರಕಾಶನದ ದೊಡ್ಡ ಕುಳಗಳು ಒಂದು ಜೆರಾಕ್ಸ್ ಅಂಗಡಿಯ ಮೇಲೆ, ಜೊತೆಗೆ ದೆಹಲಿ ವಿಶ್ವವಿದ್ಯಾಲಯದ ಮೇಲೆ, ಹೈಕೋರ್ಟಿಗೆ ಹೋದದ್ದು ನಮಗೆ ಆಶ್ಚರ್ಯ ಅನ್ನಿಸುವುದಿಲ್ಲ.

ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದ ಆ ರಾಮೇಶ್ವರಿ ಅಂಗಡಿ ಮಾಡಿದ ತಪ್ಪೇನು? ಮೇಷ್ಟ್ರುಗಳು ಓದಲು ಹೇಳಿದ ಹಲವು ಪುಸ್ತಕಗಳ ಅಧ್ಯಾಯಗಳನ್ನು ಪ್ರತಿ ತೆಗೆದು, ಒಂದು ಕಟ್ಟು ಮಾಡಿ, ಪುಟಕ್ಕಿಷ್ಟು ಪೈಸೆ ಅಂತ ಹುಡುಗರಿಗೆ ಕೊಟ್ಟದ್ದು. ಕೇಳಿದ ಪರಿಹಾರ 60 ಲಕ್ಷ ರೂಪಾಯಿ! ಅಕ್ಟೋಬರಿನಲ್ಲಿ ತಾತ್ಕಾಲಿಕ ತಡೆಯೂ ಬಂತು.

ವಿದ್ಯಾರ್ಥಿಗಳು ಸುಮ್ಮನೆ ಕೂರಲಿಲ್ಲ. ಸಂಘ ಕಟ್ಟಿಕೊಂಡು ತಾವೇ ಪ್ರತಿವಾದಿಗಳಾಗಿ ನಿಂತರು. ಮೊಕದ್ದಮೆ ಬೇಡ ಎಂದು 300ಕ್ಕೂ ಹೆಚ್ಚು ವಿದ್ವಾಂಸರು ಸಹಿ ಹಾಕಿದರು. ತಮಾಷೆ ನೋಡಿ, ಆ ಕಟ್ಟುಗಳಲ್ಲಿ ಯಾರ ಬರಹವಿತ್ತೋ ಅವರಲ್ಲೂ ಕೆಲವರು ಸಹಿ ಹಾಕಿದ್ದರು. ಹಾಗಾದರೆ ಪ್ರಕಾಶಕರು ಯಾರ ಪರವಾಗಿ ಅಳುತ್ತಿದ್ದರು?

ಕಾನೂನು ಹೊಸದೇನಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್ನೇ ಪಾಠದ ಕ್ರಮದಲ್ಲಿ ಶಿಕ್ಷಕರಾಗಲಿ ವಿದ್ಯಾರ್ಥಿಯಾಗಲಿ ಪ್ರತಿ ಮಾಡಿದರೆ ಅದು ಉಲ್ಲಂಘನೆಯಲ್ಲ ಅನ್ನುತ್ತದೆ. ಅಂಗಡಿಯವನು ಶಿಕ್ಷಕನಲ್ಲವಲ್ಲ, ದುಡ್ಡು ತಗೊಂಡನಲ್ಲ ಅನ್ನೋದು ಪ್ರಕಾಶಕರ ವಾದ. 2016ರ ಸೆಪ್ಟೆಂಬರ್ 16ರಂದು ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ಅದನ್ನು ತಳ್ಳಿಹಾಕಿದರು. ತಾವು ಓದುವಾಗ ಹುಡುಗರು ಲೈಬ್ರರಿಯಲ್ಲಿ ಸರದಿ ಪ್ರಕಾರ ಕೂತು ಪುಟಗಟ್ಟಲೆ ಕೈಯಲ್ಲಿ ನಕಲು ಮಾಡುತ್ತಿದ್ದುದನ್ನು ನೆನೆದರು. ಕೈಗೆ ಸಲ್ಲುವುದು ಯಂತ್ರಕ್ಕೆ ಯಾಕೆ ಸಲ್ಲಬಾರದು? ಕೃತಿಸ್ವಾಮ್ಯ ದೇವರು ಕೊಟ್ಟ ಹಕ್ಕಲ್ಲ ಅಂತಲೂ ಹೇಳಿದರು. ಡಿಸೆಂಬರ್ 9ರಂದು ವಿಭಾಗೀಯ ಪೀಠ ಈ ತತ್ವವನ್ನು ಒಪ್ಪಿತು. ಆದರೆ ಪ್ರತಿ ಮಾಡಿದ್ದೆಲ್ಲ ಪಾಠಕ್ಕೆ ಬೇಕಾದದ್ದೇ ಎಂಬುದನ್ನು ವಿಚಾರಣೆಯಲ್ಲಿ ನೋಡಿ ಎಂದು ವಾಪಸು ಕಳಿಸಿತು. 2017ರ ಮಾರ್ಚಿನಲ್ಲಿ ಪ್ರಕಾಶಕರೇ ಮೊಕದ್ದಮೆ ಬಿಟ್ಟರು. ಪರವಾನಗಿ ಸಂಸ್ಥೆಯೊಂದು ಸುಪ್ರೀಂ ಕೋರ್ಟಿಗೆ ಹೋಗಿ ಮೇ ತಿಂಗಳಲ್ಲಿ ಬರಿಗೈಲಿ ಬಂತು.

ಹಳ್ಳಿ ಮೇಷ್ಟ್ರುಗಳು ಒಂದು ಗಮನಿಸಬೇಕು. ಇದು ಪಾಠಕ್ಕೆ ಸಿಕ್ಕ ಹಕ್ಕು, ವ್ಯಾಪಾರಕ್ಕಲ್ಲ. ಇನ್ನೊಬ್ಬರ ಪುಸ್ತಕ ಅಚ್ಚು ಹಾಕಿ ಸಂತೆಯಲ್ಲಿ ಮಾರಿದರೆ ಅದು ಬೇರೆ. ಬರೆದವರ ಹೆಸರು ನುಂಗಬಾರದು. ನಮ್ಮ ಜನರ ಹಾಡು ಕತೆಗಳನ್ನು ಹೆಸರಿಲ್ಲದೆ ಎತ್ತಿಕೊಂಡವರು ಕಡಿಮೆಯೇನಿಲ್ಲ.

1936ರಲ್ಲಿ ಅಂಬೇಡ್ಕರ್ ಜಾತಿವಿನಾಶದ ಭಾಷಣವನ್ನು ಸ್ವಂತ ಖರ್ಚಿನಲ್ಲೇ ಅಚ್ಚು ಹಾಕಿಸಿದರು. ಲೇಖಕ ತೀರಿಕೊಂಡು 60 ವರ್ಷವಾದ ಮೇಲೆ ಹಕ್ಕು ಮುಗಿಯುತ್ತದೆ. ಹಾಗಾಗಿ ಬಾಬಾಸಾಹೇಬರು ಬದುಕಿದ್ದಾಗ ಪ್ರಕಟವಾದ ಬರಹಗಳನ್ನು 2017ರ ಜನವರಿ 1ರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು. ಕನ್ನಡ ಅನುವಾದದ ಹಕ್ಕು ಮಾತ್ರ ಅನುವಾದಕರದ್ದು. ಪುಸ್ತಕ ಮಾಡುವುದಾದರೆ ಅವರನ್ನು ಕೇಳಿಯೇ ಮಾಡಬೇಕು.